ಒಲವೂ ಸ್ವಾತಂತ್ರ್ಯವೂ

ನಮ್ಮ ಸಮಾಜವು ಒಂಟಿ ಮಹಿಳೆಯ ಮುಂದೆ ಎರಡೇ ದಾರಿಗಳನ್ನು ಇಡುತ್ತದೆ. ಒಲವು ಬೇಕಾದರೆ ಮದುವೆಯಾಗಿ ಗಂಡನ ಮನೆಯ ರೀತಿನೀತಿಗಳಿಗೆ ಹೊಂದಿಕೊಳ್ಳಬೇಕು. ಸ್ವಾತಂತ್ರ್ಯ ಬೇಕಾದರೆ ಒಲವಿನ ಆಸೆಯನ್ನು ತೊರೆಯಬೇಕು. ಸ್ವಂತ ಸಂಪಾದನೆಯಿಂದ ಜೀವಿಸುವ ಮೂವತ್ತೈದರ ಮಹಿಳೆಯು ಬಾಡಿಗೆಗೆ ಮನೆ ಕೇಳಲು ಹೋದರೂ, "ನಿಮ್ಮ ಯಜಮಾನರು ಏನು ಮಾಡಿಕೊಂಡಿದ್ದಾರೆ?" ಎಂಬ ಪ್ರಶ್ನೆ ಎದುರಾಗುವುದುಂಟು. ಆಕೆಯಂಥವರು ವಿರಳರೇನೂ ಅಲ್ಲ. 2011ರ ಜನಗಣತಿಯಂತೆ ಅವಿವಾಹಿತೆಯರು, ವಿಧವೆಯರು, ವಿಚ್ಛೇದಿತೆಯರು, ಪರಿತ್ಯಕ್ತೆಯರು ಸೇರಿ ಭಾರತದಲ್ಲಿ 7 ಕೋಟಿಗೂ ಹೆಚ್ಚು ಒಂಟಿ ಮಹಿಳೆಯರಿದ್ದರು. ಒಲವಿಗೂ ಸ್ವಾತಂತ್ರ್ಯಕ್ಕೂ ನಿಜವಾಗಿಯೂ ವಿರೋಧವಿದೆಯೆ? ಮನೋವಿಜ್ಞಾನವು ಇದಕ್ಕೆ ಕೊಡುವ ಉತ್ತರ ಕುತೂಹಲಕರವಾಗಿದೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೋ ಎಂಬ ವಿಜ್ಞಾನಿ ರೀಸಸ್ ಕೋತಿಯ ಮರಿಗಳನ್ನು ಹೆತ್ತ ತಾಯಿಯಿಂದ ಬೇರ್ಪಡಿಸಿ, ಎರಡು ಕೃತಕ ತಾಯಿಗಳೊಡನೆ ಬೆಳೆಸಿ, ತಾವು ಕಂಡುದನ್ನು 1958ರಲ್ಲಿ ಪ್ರಕಟಿಸಿದರು. ಒಂದು ತಾಯಿ ಬರಿಯ ತಂತಿಯದು. ಇನ್ನೊಂದು ಮೆತ್ತನೆಯ ಬಟ್ಟೆ ಹೊದಿಸಿದುದು. ಹಾಲಿನ ಸೀಸೆಯು ತಂತಿಯ ತಾಯಿಯಲ್ಲಿದ್ದಾಗಲೂ ಮರಿಗಳು ದಿನದ ಬಹುಭಾಗವನ್ನು ಬಟ್ಟೆಯ ತಾಯಿಯನ್ನು ಅಪ್ಪಿಕೊಂಡೇ ಕಳೆದವು. ಆಹಾರದಂತೆಯೇ ಹಿತವಾದ ಸ್ಪರ್ಶವೂ ಜೀವಿಗೆ ಅತ್ಯಾವಶ್ಯಕವೆಂಬುದು ಇದರಿಂದ ಸ್ಪಷ್ಟವಾಯಿತು. ಇಂತಹ ಪ್ರಯೋಗಗಳು ಕ್ರೂರವೆಂಬ ಟೀಕೆಗೂ ಗುರಿಯಾಗಿವೆ.

ನಮ್ಮ ಪ್ರಶ್ನೆಗೆ ಹಾರ್ಲೋ ಅವರ ಇನ್ನೊಂದು ಪರೀಕ್ಷೆ ಇನ್ನೂ ಮುಖ್ಯವಾದುದು. ಅಪರಿಚಿತ ವಸ್ತುಗಳಿದ್ದ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟ ಮರಿಯು ಮುದುಡಿ ಕುಳಿತು ಚೀರುತ್ತಿತ್ತು. ಬಟ್ಟೆಯ ತಾಯಿ ಅಲ್ಲಿದ್ದರೆ, ಮೊದಲು ಓಡಿಹೋಗಿ ತಬ್ಬಿಕೊಂಡು, ಬಳಿಕ ಒಂದೊಂದೇ ವಸ್ತುವನ್ನು ಮುಟ್ಟಿ ನೋಡಿ, ನಡುನಡುವೆ ತಾಯಿಯ ಬಳಿಗೆ ಮರಳುತ್ತಿತ್ತು. ಆಸರೆಯಿದ್ದುದರಿಂದಲೇ ಅದಕ್ಕೆ ಅಲೆದಾಡುವ ಧೈರ್ಯ ಬಂದಿತು.

ಕೋತಿಯ ಮರಿಯ ಮಾತು ಪ್ರಾಯಕ್ಕೆ ಬಂದ ಮನುಷ್ಯರಿಗೆ ಸಲ್ಲುವುದೆ ಎಂದು ವಾಚಕರು ಕೇಳಬಹುದು. ಮಾನವ ಶಿಶುಗಳಲ್ಲಿಯೂ ಇಂತಹದೇ ವರ್ತನೆಯನ್ನು ಮೇರಿ ಐನ್ಸ್‌ವರ್ತ್ ಎಂಬ ವಿದುಷಿ ಉಗಾಂಡದಲ್ಲಿಯೂ ಅಮೆರಿಕದಲ್ಲಿಯೂ ಗಮನಿಸಿದರು. 1987ರಲ್ಲಿ ಹಜಾನ್ ಮತ್ತು ಶೇವರ್ ಎಂಬವರು ವಯಸ್ಕರ ಪ್ರೇಮವನ್ನೂ ಇದೇ ಬಗೆಯ ಬಾಂಧವ್ಯವೆಂದು ವಿವೇಚಿಸಿದರು. ಬ್ರೂಕ್ ಫೀನಿ ಎಂಬವರು 2007ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ಲೋಕರೂಢಿಯ ತರ್ಕವನ್ನೇ ತಲೆಕೆಳಗಾಗಿಸಿತು. ಒಬ್ಬರ ಅವಲಂಬನೆಯನ್ನು ಅವರ ಸಂಗಾತಿಯು ಬೇಸರಿಸದೆ ಒಪ್ಪಿಕೊಂಡಲ್ಲಿ, ಆರು ತಿಂಗಳ ತರುವಾಯ ಅವರು ಹೆಚ್ಚು ಸ್ವತಂತ್ರರಾಗಿರುವುದು ಕಂಡುಬಂದಿತು. ಇದು ಅಮೆರಿಕದ ಜೋಡಿಗಳ ಅನುಭವ. ನಮ್ಮ ಕುಟುಂಬಪದ್ಧತಿ ಬೇರೆಯೆಂಬುದನ್ನು ಮರೆಯಬಾರದು.

ಹಾಗಾದರೆ ಪತಿಯೊಬ್ಬನೇ ಆಸರೆಯೆ? 2010ರಲ್ಲಿ 148 ಅಧ್ಯಯನಗಳಲ್ಲಿದ್ದ 3 ಲಕ್ಷಕ್ಕೂ ಮಿಕ್ಕ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಲಾಯಿತು. ಬಲವಾದ ಸಂಬಂಧಗಳುಳ್ಳವರು ಬದುಕಿ ಉಳಿಯುವ ಸಂಭವವು ಇತರರಿಗಿಂತ ಶೇಕಡಾ 50ರಷ್ಟು ಹೆಚ್ಚಾಗಿತ್ತು. ಒಂದೇ ಮನೆಯಲ್ಲಿ ಒಬ್ಬರೇ ಇರುವರೊ, ಇತರರೊಡನೆ ಇರುವರೊ ಎಂಬುದರ ಪ್ರಭಾವ ಅಲ್ಪ. ಗೆಳೆಯರು, ಬಂಧುಗಳು, ಸಮುದಾಯ ಹೀಗೆ ಹಲವು ಬಗೆಯ ನಂಟುಗಳ ಪ್ರಭಾವ ಅತ್ಯಧಿಕ. ಒಬ್ಬಳೇ ವಾಸಿಸುವವಳು ಒಲವಿಲ್ಲದವಳೆಂದು ತಿಳಿಯಬೇಕಾಗಿಲ್ಲ. ತುಂಬಿದ ಮನೆಯಲ್ಲಿಯೂ ಒಂಟಿತನ ಇರಬಲ್ಲುದು.

ಕಾನೂನು ಕೂಡ ಒಂಟಿ ಮಹಿಳೆಯನ್ನು ಪೂರ್ಣ ವ್ಯಕ್ತಿಯಾಗಿ ಕಾಣತೊಡಗಿದೆ. ಅವಿವಾಹಿತ ತಾಯಿಯು ತಂದೆಯ ಹೆಸರನ್ನು ತಿಳಿಸದೆಯೇ ತನ್ನ ಮಗುವಿನ ಪಾಲಕಳಾಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ತೀರ್ಪಿತ್ತಿತು. 20ರಿಂದ 24 ವಾರಗಳ ಅವಧಿಯಲ್ಲಿ ಗರ್ಭಪಾತದ ಸೌಲಭ್ಯವನ್ನು ಅವಿವಾಹಿತಳೆಂಬ ಕಾರಣದಿಂದ ನಿರಾಕರಿಸಲಾಗದೆಂದು 2022ರಲ್ಲಿ ಸಾರಿತು.

ಇನ್ನುಳಿದುದು ಮನೆಯವರ ಮನಸ್ಸು. ಸಂಬಂಧವನ್ನು ನೋಡುವಾಗ ಕುಲ, ಸಂಬಳ, ಜಾತಕಗಳನ್ನು ವಿಚಾರಿಸುವ ಹೆತ್ತವರು, ಈ ನಂಟಿನಿಂದ ಮಗಳ ಜಗತ್ತು ಹಿಗ್ಗುವುದೊ ಕುಗ್ಗುವುದೊ ಎಂಬುದನ್ನೂ ಕೇಳಿಕೊಳ್ಳಬೇಕು. ಹಿಗ್ಗಿಸುವ ಒಲವು ದೊರೆಯುವವರೆಗೆ ಆಕೆ ಕಾದರೆ ಅದನ್ನು ಹಟವೆಂದು ಹಳಿಯುವುದು ಸಲ್ಲದು.