ಪಕ್ಕದ ಕುರ್ಚಿಯಾಕೆ ಯಾವೂರಿನವರೋ?

ಕೋಲಾರದ ಸಮಾವೇಶಕ್ಕೆ ಸ್ತ್ರೀಶಕ್ತಿ ಸಂಘದ ಪರವಾಗಿ ನಿಮ್ಮನ್ನು ಆರಿಸಿದ್ದಾರೆಯೆ? ಸಂತೋಷ. ಆದರೆ ಬೇತಮಂಗಲದಿಂದ ಹೋದ ನಾಲ್ವರೂ ಒಂದೇ ಸಾಲಿನಲ್ಲಿ ಅಂಟಿಕೊಂಡು ಕೂತು, ಭಾಷಣ ಕೇಳಿ, ಊಟ ಮುಗಿಸಿ ಬಸ್ಸು ಹತ್ತಿದರೆ ಬಂದ ಲಾಭವೇನು, ಹೇಳಿ?

ವೇದಿಕೆಯ ಮೇಲೆ ಹೇಳಿದ್ದನ್ನು ನಾಳೆ ಅಂಗನವಾಡಿ ಟೀಚರೂ ತಿಳಿಸಿಯಾರು. ಹಪ್ಪಳಕ್ಕೆ ಯಾವ ಅಂಗಡಿಯವರು ಒಳ್ಳೆ ದರ ಕೊಡ್ತಾರೆ, ಸಾಲದ ಅರ್ಜಿಗೆ ಬ್ಯಾಂಕಿನವರು ಏನೇನು ಕಾಗದ ಕೇಳಿದರು ಎಂಬುದು ಗೊತ್ತಿರುವುದು ಪಕ್ಕದಲ್ಲಿ ಕೂತ ಮಾಲೂರಿನಾಕೆಗೆ!

ಸ್ತ್ರೀಶಕ್ತಿ ಯೋಜನೆ ಶುರುವಾದದ್ದು 2000–01ರಲ್ಲಿ. ನಮ್ಮ ಕೆರೆಯ ನೀರು ಕುಡಿದು ಬೆಳೆದ ಕೆ.ಜಿ.ಎಫ್. ಚಿನ್ನದ ಗಣಿ ಮುಚ್ಚಿದ್ದೂ ಆಗಲೇ, 2001ರ ಫೆಬ್ರವರಿ 28ರಂದು. ಇಂದು ಆ ಕಡೆಯ ಎಷ್ಟೋ ಮನೆಗಳವರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹೆಂಗಸಿನ ಸಂಪಾದನೆ ಈಗ ಹೊತ್ತು ಕಳೆಯುವ ಮಾತಲ್ಲ. ಸಂಕೋಚಪಟ್ಟು ಸುಮ್ಮನೆ ಕೂತರೆ ನಷ್ಟ ನಮಗೇ.

ಹಾಗಾದರೆ ಮಾತು ಶುರು ಮಾಡುವುದು ಹೇಗೆ? ಮೊದಲು ನಿಮ್ಮವರಿಂದ ಬೇರೆಯಾಗಿ ಕೂತುಕೊಳ್ಳಿ. “ಇಲ್ಲಿ ಯಾರಾದ್ರೂ ಬರ್ತಾರಾ ಅಕ್ಕಾ?” ಎಂದು ಕೇಳಿಯೇ ಕೂತರೆ ಅರ್ಧ ಪರಿಚಯ ಆದಂತೆ. ಆಮೇಲೆ “ಯಾವೂರು?” ಎನ್ನಿ. ನಮ್ಮ ಗಡಿ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಉಂಟು. ಊರು ಎಂಬ ಮಾತು ಮೂರರಲ್ಲೂ ಉಂಟು. ಆಕೆಗೆ ಅರ್ಥವಾಗದೆ ಇರದು.

ನಂತರ ನಿಮ್ಮದೇ ಒಂದು ವಿಷಯ ಹೇಳಿ: “ನಮ್ಮ ಸಂಘದಲ್ಲಿ ಹಪ್ಪಳ ಮಾಡ್ತೀವಿ, ಮಳೆಗಾಲದಲ್ಲಿ ಒಣಗೋದೇ ಕಷ್ಟ. ನೀವೇನು ಮಾಡ್ತೀರಿ?” ತನಗೆ ಗೊತ್ತಿರುವುದನ್ನು ಕೇಳಿದರೆ ಯಾರಿಗೆ ತಾನೆ ಹೇಳಲು ಇಷ್ಟವಿಲ್ಲ? ಆಕೆ ಹೇಳುವಾಗ ನಡುವೆ ಬಾಯಿ ಹಾಕಬೇಡಿ.

ಜಾತಿ, ಯಜಮಾನರ ಸಂಬಳ ಇವನ್ನು ಕೆದಕಬೇಡಿ. “ಮಕ್ಕಳೆಷ್ಟು?” ಎಂಬ ಪ್ರಶ್ನೆಯೂ ಮೊದಲ ಭೇಟಿಗೆ ಬೇಡ. ನಮಗೆ ಅದು ಸಾಧಾರಣ ಮಾತು; ಕೆಲವರಿಗೆ ಅದೇ ಮುಳ್ಳು.

ಆಕೆ “ಹೂಂ” ಎಂದು ಸುಮ್ಮನಾದರೆ ಬೇಸರ ಬೇಡ. ಆಕೆಗೂ ನಿಮ್ಮಷ್ಟೇ ಸಂಕೋಚ ಇದ್ದೀತು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಇನ್ನೊಮ್ಮೆ ನೋಡಿ. ಸಾರು ಖಾರವಾಗಿದ್ದರಂತೂ ಮಾತು ತಾನೇ ಬರುತ್ತದೆ!

ಹೊರಡುವಾಗ ಫೋನ್ ನಂಬರಿನ ಜೊತೆ ಊರನ್ನೂ ಬರೆದುಕೊಳ್ಳಿ. ಲಕ್ಷ್ಮಮ್ಮಂದಿರು ಹತ್ತು ಜನ ಇರುತ್ತಾರೆ! ವಾರದೊಳಗೆ ಒಮ್ಮೆ ಮಾತನಾಡಿಸಿ. ಇಲ್ಲವಾದರೆ ಪರಿಚಯ ಆರಿದ ಕಾಫಿಯಂತೆ.

ಧೈರ್ಯ ಸಾಲದೆ? ಬಂಗಾರಪೇಟೆಗೆ ಹೋಗುವ ಬಸ್ಸಿನಲ್ಲೇ ಅಭ್ಯಾಸ ಮಾಡಿಕೊಳ್ಳಿ. ಸಂಘದ ಮುಂದಿನ ಸಭೆಯಲ್ಲಿ “ಯಾರು ಏನು ಭಾಷಣ ಮಾಡಿದರು?” ಎಂದು ಯಾರೂ ಕೇಳುವುದಿಲ್ಲ. “ಮಾಲೂರಿನವರು ಹಪ್ಪಳ ಹೇಗೆ ಮಾರ್ತಾರೆ ಗೊತ್ತಾ?” ಎಂದು ನೀವು ಶುರು ಮಾಡಿ, ಎಲ್ಲರೂ ಚಾಪೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.