ಒಂದು ರೂಪಾಯಿ ಆಫರ್, ತಿಂಗಳು ತಿಂಗಳು ಕಡಿತ

ಒಂದು ರೂಪಾಯಿ ಆಫರ್‌ ಅಂತ ಆನ್‌ಲೈನ್‌ನಲ್ಲಿ ಕಾರ್ಡ್ ಬಳಸಿದೆ. ಈಗ ಪ್ರತಿ ತಿಂಗಳೂ 499 ರೂ. ಹೋಗುತ್ತಿದೆ. ಒಟಿಪಿ ಕೇಳದೆ ಹಣ ಹೇಗೆ ಕಡಿತವಾಗುತ್ತದೆ? – ಓದುಗರು, ಹೊಸಪೇಟೆ

ಒಟಿಪಿಯನ್ನು ಮೊದಲ ದಿನವೇ ಕೊಟ್ಟಿದ್ದೀರಿ! ಆ ಒಂದು ರೂಪಾಯಿಗೆ ಒತ್ತಿದ ಒಟಿಪಿಯೇ ‘ಇ-ಮ್ಯಾಂಡೇಟ್’ಗೂ, ಅಂದರೆ ಮುಂದಿನ ಕಂತುಗಳಿಗೂ ಒಪ್ಪಿಗೆಯಾಗಿರುತ್ತದೆ. ಷರತ್ತು ಇರುವುದು ಇರುವೆ ಗಾತ್ರದ ಅಕ್ಷರದಲ್ಲಿ. ನಿಮ್ಮೂರಿನ ಬಸವಣ್ಣ ಕಾಲುವೆಯ ತೂಬು ಎತ್ತಿದರೆ, ಇಳಿಸುವ ತನಕ ನೀರು ಹರಿಯುತ್ತಲೇ ಇರುತ್ತದಲ್ಲ, ಹಾಗೆ.

ಕಂಪನಿ ನಿಮ್ಮ ಕಾರ್ಡ್ ಸಂಖ್ಯೆ ಇಟ್ಟುಕೊಳ್ಳುವಂತಿಲ್ಲ. ಬದಲಿಗೆ ‘ಟೋಕನ್’ ಎಂಬ ಸಂಕೇತ ಇಟ್ಟುಕೊಂಡು ತಿಂಗಳು ತಿಂಗಳು ಬ್ಯಾಂಕಿಗೆ ಬೇಡಿಕೆ ಕಳಿಸುತ್ತದೆ. 2022ರ ಜೂನ್‌ನಿಂದ 15,000 ರೂ. ವರೆಗಿನ ಇಂಥ ಕಂತಿಗೆ ಮತ್ತೆ ಒಟಿಪಿ ಬೇಕಿಲ್ಲ. ಆದರೆ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕ್ ಸಂದೇಶ ಕಳಿಸಬೇಕು ಎನ್ನುತ್ತದೆ ರಿಸರ್ವ್ ಬ್ಯಾಂಕ್ ನಿಯಮ. ಬಂದಿರುತ್ತದೆ, ಸಾಲದ ಜಾಹೀರಾತುಗಳ ರಾಶಿಯಲ್ಲಿ ಯಾರು ಓದುತ್ತಾರೆ?

ಕಂಪನಿಯ ಆ್ಯಪ್ ಅಳಿಸಿದರೆ ಕಡಿತ ನಿಲ್ಲದು. ಬ್ಯಾಂಕ್ ಆ್ಯಪ್‌ನ ಇ-ಮ್ಯಾಂಡೇಟ್ ಪಟ್ಟಿಗೆ ಹೋಗಿ ರದ್ದು ಮಾಡಿ. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂಥ ಚಂದಾ ಬಲೆಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಕಂಪನಿ ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.