ಸರ್ವರ್ ಡೌನ್ ಅನ್ನೋದು ಹವಾಮಾನ ವರದಿಯಲ್ಲ: ಹಳೇ ಸಾಫ್ಟ್‌ವೇರ್ ಕಾಯೋರು ಯಾರು?

'ಸರ್ವರ್ ಡೌನ್ ಇದೆ, ನಾಳೆ ಬನ್ನಿ.' ನಾಡಕಚೇರಿ, ಉಪನೋಂದಣಿ ಕಚೇರಿ, ನ್ಯಾಯಬೆಲೆ ಅಂಗಡಿ, ಬ್ಯಾಂಕು... ಎಲ್ಲಾದರೂ ಒಂದು ಕಡೆ ಈ ಮಾತು ಕೇಳದವರು ಸಿಗೋದು ಕಷ್ಟ. ಮಳೆ ಬಂತು, ಗಾಳಿ ಬೀಸಿತು ಅನ್ನೋ ದನಿಯಲ್ಲೇ ಇದನ್ನೂ ಹೇಳಲಾಗುತ್ತೆ. ಯಾರ ತಪ್ಪೂ ಇಲ್ಲ, ಯಾರನ್ನೂ ಕೇಳೋ ಹಾಗಿಲ್ಲ. ಕೆಲಸ ಬಿಟ್ಟು ಬಂದವರು ಆ ದಿನದ ಕೂಲಿ ಕಳೆದುಕೊಂಡು ಊರಿಗೆ ವಾಪಸ್ ಹೋಗ್ತಾರೆ.

ಸ್ವಲ್ಪ ಜೋರು ಮಾಡಿ ಕೇಳಿದರೆ ಎರಡನೇ ಉತ್ತರ ಬರುತ್ತೆ: 'ಸಿಸ್ಟಮ್ ಹಳೇದು ಸರ್, ಹೊಸದು ಬರ್ತಾ ಇದೆ.' ನನ್ನ ತಕರಾರು ಇರೋದು ಈ ಎರಡನೇ ಉತ್ತರದ ಮೇಲೆ. ಸಾಫ್ಟ್‌ವೇರ್ ವಯಸ್ಸಾದ ಮಾತ್ರಕ್ಕೆ ಕೆಡೋದಿಲ್ಲ. ಅದನ್ನು ನೋಡಿಕೊಳ್ಳುವ ಜನರನ್ನೂ, ಹಣವನ್ನೂ ಕಿತ್ತುಕೊಂಡಾಗ ಕೆಡುತ್ತೆ. ಯಾರನ್ನು ಇಟ್ಟುಕೊಳ್ಳಬೇಕು, ಯಾವುದಕ್ಕೆ ಹಣ ಕೊಡಬೇಕು ಅನ್ನೋದನ್ನು ತೀರ್ಮಾನಿಸೋದು ಬಜೆಟ್ಟು. ಹಾಗಾಗಿ ಇದು ರಾಜಕೀಯದ ವಿಷಯ.

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಹನ್ನೊಂದು ವರ್ಷ ಇದೇ ಕೆಲಸ ಮಾಡಿದ್ದೇನೆ. ನಮ್ಮ ಭಾಷೆಯಲ್ಲಿ ಅದಕ್ಕೆ 'ಸಪೋರ್ಟ್' ಅಂತಾರೆ. ಹೊರದೇಶದ ಒಂದು ವಿಮಾ ಸಂಸ್ಥೆಯ, ನನಗಿಂತ ವಯಸ್ಸಾದ ಪ್ರೋಗ್ರಾಂಗಳು ರಾತ್ರಿ ಪಾಳಿಯಲ್ಲಿ ಸರಿಯಾಗಿ ಓಡಿದವಾ ಅಂತ ನೋಡೋದು, ನಿಂತರೆ ಎಬ್ಬಿಸೋದು, ಯಾಕೆ ನಿಂತಿತು ಅಂತ ಹುಡುಕೋದು. ಅಲ್ಲಿ ಕಲಿತದ್ದನ್ನು ಇಟ್ಟುಕೊಂಡೇ ಈ ಮಾತು ಹೇಳ್ತಿದ್ದೇನೆ.

ಹಳೇದು ಅಂದ್ರೆ ಏನು?

ಎತ್ತಿನಗಾಡಿಯ ಚಕ್ರ ಸವೆಯುತ್ತೆ, ಮೋಟಾರಿನ ಬೇರಿಂಗ್ ಹೋಗುತ್ತೆ. ಪ್ರೋಗ್ರಾಂ ಹಾಗೆ ಸವೆಯುವ ವಸ್ತುವಲ್ಲ. 1980ರಲ್ಲಿ ಎರಡು ಅಂಕಿ ಕೂಡಿಸಿ ಸರಿ ಉತ್ತರ ಕೊಟ್ಟ ಕೋಡ್ ಇವತ್ತೂ ಅದೇ ಉತ್ತರ ಕೊಡುತ್ತೆ. ಬದಲಾಗೋದು ಅದರ ಸುತ್ತಲಿನ ಲೋಕ. ಯಂತ್ರ ಬದಲಾಗುತ್ತೆ, ಆಪರೇಟಿಂಗ್ ಸಿಸ್ಟಮ್ ಬದಲಾಗುತ್ತೆ, ತೆರಿಗೆ ನಿಯಮ ಬದಲಾಗುತ್ತೆ. ಬರೆದವರು ನಿವೃತ್ತರಾಗ್ತಾರೆ. ಈ ಬದಲಾವಣೆಗೆ ತಕ್ಕಂತೆ ಆಗಾಗ ಕೈಯಾಡಿಸುತ್ತಾ ಇರಬೇಕು. ನಿರ್ವಹಣೆ ಅಂದ್ರೆ ಇಷ್ಟೇ.

ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಯನ್ನೇ ತಗೊಳ್ಳಿ. ಅದರ ಕೆಲಸ ಶುರುವಾಗಿದ್ದು 1959ರಲ್ಲಿ. ವ್ಯವಹಾರದ ಲೆಕ್ಕಕ್ಕೆಂದೇ ಮಾಡಿದ ಭಾಷೆ. ಆಮೇಲೆ ಎಷ್ಟೋ ಭಾಷೆಗಳು ಬಂದು ಹೋದವು, ಆದರೆ ಜಗತ್ತಿನ ಅನೇಕ ಬ್ಯಾಂಕು, ವಿಮೆ, ಪಿಂಚಣಿಗಳ ಲೆಕ್ಕ ಇನ್ನೂ ಕೋಬಾಲ್‌ನಲ್ಲೇ ನಡೀತಿದೆ. ಕಾರಣ ಸೋಮಾರಿತನ ಒಂದೇ ಅಲ್ಲ. ಆ ಕೋಡ್ ಒಳಗೆ ದಶಕಗಳ ಕಾನೂನು, ಒಪ್ಪಂದ, ಕೋರ್ಟ್ ಆದೇಶಗಳೆಲ್ಲ ಸೇರಿಕೊಂಡಿವೆ.

ನಾವು ನೋಡಿಕೊಳ್ಳುತ್ತಿದ್ದ ಒಂದು ಪ್ರೋಗ್ರಾಂನಲ್ಲಿ ಹದಿನೈದು ಸಾಲಿನ ಒಂದು ಷರತ್ತು ಇತ್ತು. ಕೆಲವು ಹಳೇ ಪಾಲಿಸಿಗಳಿಗೆ ಕಂತು ತಡವಾದರೂ ರದ್ದು ಮಾಡಬೇಡ ಅನ್ನೋದು ಅದರ ತಾತ್ಪರ್ಯ. ಯಾಕೆ ಅಂತ ದಾಖಲೆಯಲ್ಲಿ ಎಲ್ಲೂ ಇರಲಿಲ್ಲ. ಹೊಸ ಮ್ಯಾನೇಜರೊಬ್ಬರು ತೆಗೆದುಹಾಕಿ ಅಂದರು. ತಂಡದ ಹಿರಿಯರೊಬ್ಬರು ಒಪ್ಪಲಿಲ್ಲ. ನಾಲ್ಕು ದಿನ ಹಳೇ ಮೇಲ್‌ಗಳನ್ನು ಹುಡುಕಿದ ಮೇಲೆ ಗೊತ್ತಾಯ್ತು: ಆ ಭಾಗದಲ್ಲಿ ಹಿಂದೆ ದೊಡ್ಡ ಪ್ರವಾಹ ಬಂದಿತ್ತು, ಅಲ್ಲಿನ ಪಾಲಿಸಿದಾರರಿಗೆ ವಿನಾಯಿತಿ ಕೊಡುವಂತೆ ನಿಯಂತ್ರಕರು ಹೇಳಿದ್ದರು. ಆ ಹದಿನೈದು ಸಾಲು ಅಳಿಸಿದ್ದರೆ, ಅಷ್ಟು ಕುಟುಂಬಗಳ ವಿಮೆ ಒಂದು ರಾತ್ರಿಯಲ್ಲಿ ಸದ್ದಿಲ್ಲದೆ ರದ್ದಾಗ್ತಿತ್ತು. ಅದನ್ನು ಉಳಿಸಿದ್ದು ಯಾವ ತಂತ್ರಜ್ಞಾನವೂ ಅಲ್ಲ, 'ತಡೀರಿ, ಇದಕ್ಕೇನೋ ಕಾರಣ ಇರಬೇಕು' ಅನ್ನೋಷ್ಟು ಅನುಭವ ಇದ್ದ ಒಬ್ಬ ಮನುಷ್ಯರು.

ಆರೋಪ ಹಳೇದರ ಮೇಲೆ, ಕೆಟ್ಟಿದ್ದು ಬೇರೆ

2020ರ ಏಪ್ರಿಲ್. ಕೊರೊನಾದಿಂದ ಅಮೆರಿಕದಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡು ನಿರುದ್ಯೋಗ ಭತ್ಯೆಗೆ ಒಟ್ಟಿಗೇ ಅರ್ಜಿ ಹಾಕಿದರು. ನ್ಯೂಜೆರ್ಸಿಯ ವ್ಯವಸ್ಥೆ ತತ್ತರಿಸಿತು. ಆಗಿನ ಗವರ್ನರ್ ಫಿಲ್ ಮರ್ಫಿ ಪತ್ರಿಕಾಗೋಷ್ಠಿಯಲ್ಲಿ, ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕಾಗಿದ್ದಾರೆ ಎಂದು ಕೇಳಿಕೊಂಡರು. ಜಗತ್ತಿನ ಪತ್ರಿಕೆಗಳೆಲ್ಲ ನಕ್ಕವು: ಅಜ್ಜನ ಕಾಲದ ಕಂಪ್ಯೂಟರ್ ನೋಡಿ ಅಂತ.

ಕಂಪ್ಯೂಟರ್ ಇತಿಹಾಸಕಾರರಾದ ಮಾರ್ ಹಿಕ್ಸ್ ಇದರ ಬೆನ್ನು ಹತ್ತಿ ಬರೆದದ್ದು ಬೇರೆಯದೇ ಕತೆ. ಹಿಂದೆ ಕೂತು ಲೆಕ್ಕ ಹಾಕುತ್ತಿದ್ದ ಕೋಬಾಲ್ ತನ್ನ ಕೆಲಸ ಮಾಡ್ತಾನೇ ಇತ್ತು. ಮುಗ್ಗರಿಸಿದ್ದು ಜನ ಅರ್ಜಿ ತುಂಬುವ ವೆಬ್‌ಸೈಟು, ಅಂದರೆ ಆಮೇಲೆ ಬಂದ ಹೊಸ ಭಾಗ. ಹಳೇ ವ್ಯವಸ್ಥೆ ನೋಡಿಕೊಳ್ಳುವವರನ್ನು ಖರ್ಚು ಉಳಿಸುವ ಹೆಸರಲ್ಲಿ ವರ್ಷಗಟ್ಟಲೆ ಕಡಿಮೆ ಮಾಡುತ್ತಾ ಬಂದಿದ್ದು ಹಿಕ್ಸ್ ಎತ್ತಿ ತೋರಿಸಿದ ಇನ್ನೊಂದು ಸಂಗತಿ.

ಇನ್ನೊಂದು ಉದಾಹರಣೆ ನೋಡಿ. 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಎಂಬ ವೈರಸ್ ದಾಳಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯನ್ನು ಹಿಡಿದು ನಿಲ್ಲಿಸಿತು. 236 ಟ್ರಸ್ಟ್‌ಗಳಲ್ಲಿ ಕನಿಷ್ಠ 80ಕ್ಕೆ ತೊಂದರೆ. ಸಾವಿರಾರು ರೋಗಿಗಳ ಭೇಟಿ, ಶಸ್ತ್ರಚಿಕಿತ್ಸೆ ರದ್ದು. ಎಲ್ಲರೂ ಬೈದದ್ದು ಹಳೇ ವಿಂಡೋಸ್ ಎಕ್ಸ್‌ಪಿಯನ್ನು. ತನಿಖೆಯಲ್ಲಿ ಹೊರಬಿದ್ದದ್ದು: ವೈರಸ್ ತಗುಲಿದ ಬಹುಪಾಲು ಯಂತ್ರಗಳಲ್ಲಿ ಇದ್ದದ್ದು ವಿಂಡೋಸ್ 7, ಅದಕ್ಕೆ ಆಗ ಕಂಪನಿಯ ಬೆಂಬಲ ಇನ್ನೂ ಇತ್ತು. ದಾಳಿ ತಡೆಯುವ ಪ್ಯಾಚ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲೇ ಬಂದಿತ್ತು. ಯಾರೂ ಹಾಕಿರಲಿಲ್ಲ. ಔಷಧಿ ಕಪಾಟಿನಲ್ಲೇ ಇತ್ತು, ಕುಡಿಸೋರು ಇರಲಿಲ್ಲ.

ಹಾಗಂತ ಹಳೇದನ್ನೆಲ್ಲ ಹಾಗೇ ಇಟ್ಟುಕೊಳ್ಳಿ ಅಂತ ನಾನು ಹೇಳ್ತಿಲ್ಲ. ತಯಾರಕರೇ ಕೈಬಿಟ್ಟ ಮೇಲೆ ಕೆಲವನ್ನು ಬದಲಿಸಲೇಬೇಕು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್‌ನಲ್ಲಿ. ನಮ್ಮ ದೇಶದ ಎಟಿಎಂಗಳಲ್ಲಿ ಅದು ಆಮೇಲೂ ಓಡುತ್ತಲೇ ಇತ್ತು. 2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಒಂದು ವರ್ಷದೊಳಗೆ ಹಂತಹಂತವಾಗಿ ಬದಲಿಸಿ ಎಂದು ಬ್ಯಾಂಕುಗಳಿಗೆ ಗಡುವು ಕೊಡಬೇಕಾಯ್ತು. ಯಾವುದನ್ನು ಉಳಿಸಬೇಕು, ಯಾವುದನ್ನು ಯಾವಾಗ ಬದಲಿಸಬೇಕು ಅಂತ ತೀರ್ಮಾನಿಸೋದಕ್ಕೂ ಒಳಗೆ ತಿಳಿದವರು ಇರಬೇಕು.

'ಹೊಸದು ತಂದರೆ ಸರಿಹೋಗುತ್ತೆ'

ಕೆನಡಾ ಹೀಗೇ ಅಂದುಕೊಂಡಿತ್ತು. ಕೇಂದ್ರ ಸರ್ಕಾರಿ ನೌಕರರ ಸಂಬಳ ಮಾಡುತ್ತಿದ್ದ ಸುಮಾರು 40 ವರ್ಷ ಹಳೇ ವ್ಯವಸ್ಥೆಯನ್ನು ತೆಗೆದು, 2016ರ ಫೆಬ್ರವರಿಯಲ್ಲಿ 'ಫೀನಿಕ್ಸ್' ಅನ್ನೋ ಹೊಸದನ್ನು ತಂದರು. ಸುಮಾರು 2.9 ಲಕ್ಷ ನೌಕರರ ಸಂಬಳದ ಜವಾಬ್ದಾರಿ ಅದರದ್ದು. ಹೊಸ ಸಾಫ್ಟ್‌ವೇರ್ ಬರುತ್ತಲ್ಲ, ಜನ ಯಾಕೆ ಬೇಕು ಅಂತ, 46 ಇಲಾಖೆಗಳಲ್ಲಿದ್ದ 1,200 ವೇತನ ಸಿಬ್ಬಂದಿಯ ಜಾಗಕ್ಕೆ ಮಿರಾಮಿಶಿ ಎಂಬ ಒಂದೇ ಊರಿನಲ್ಲಿ 550 ಜನರನ್ನು ಕೂರಿಸಿದರು.

ಕೆಲವರಿಗೆ ಸಂಬಳವೇ ಬರಲಿಲ್ಲ. ಕೆಲವರಿಗೆ ಕಡಿಮೆ ಬಂತು. ಇನ್ನು ಕೆಲವರಿಗೆ ಹೆಚ್ಚು ಬಂದು, ಆಮೇಲೆ ವಾಪಸ್ ಕಟ್ಟಿ ಅಂತ ನೋಟಿಸ್ ಬಂತು. ಯಾರ ಭತ್ಯೆ ಎಷ್ಟು, ಯಾವ ಒಪ್ಪಂದದಲ್ಲಿ ಯಾವ ವಿನಾಯಿತಿ ಇದೆ ಅನ್ನೋದೆಲ್ಲ ಮನೆಗೆ ಕಳಿಸಿದ ಆ ಸಿಬ್ಬಂದಿಯ ತಲೆಯಲ್ಲಿತ್ತು. 2018ರಲ್ಲಿ ಅಲ್ಲಿನ ಮಹಾಲೆಕ್ಕಪರಿಶೋಧಕರು ಇದನ್ನು ಅರ್ಥಕ್ಕೇ ನಿಲುಕದ ವೈಫಲ್ಯ ಎಂದು ಕರೆದರು. ವರ್ಷಕ್ಕೆ ಇಷ್ಟು ಕೋಟಿ ಉಳಿಸ್ತೀವಿ ಅಂತ ಶುರು ಮಾಡಿದ್ದು, ಸಾವಿರಾರು ಕೋಟಿ ನುಂಗಿತು.

ಬೆಂಗಳೂರಿನ ಪಾಲು

ಈ ಕತೆ ನಮಗೆ ದೂರದ್ದೇನಲ್ಲ. ಬೆಂಗಳೂರು ಇವತ್ತಿನ ಬೆಂಗಳೂರು ಆಗಿದ್ದರಲ್ಲಿ ಹಳೇ ಕೋಡ್‌ನ ಪಾಲು ದೊಡ್ಡದು. ಹಿಂದಿನವರು ಜಾಗ ಉಳಿಸಲು ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆಯುತ್ತಿದ್ದರು. 2000ನೇ ಇಸವಿ ಬಂದಾಗ '00' ಅನ್ನೋದನ್ನು ಯಂತ್ರ 1900 ಅಂದುಕೊಂಡರೆ ಏನು ಗತಿ ಅನ್ನೋ ಭಯ ಹುಟ್ಟಿತು. 'ವೈಟುಕೆ' ಅಂತ ಹೆಸರಾದದ್ದು ಇದೇ. ಕೋಟ್ಯಂತರ ಸಾಲು ಹಳೇ ಕೋಡ್ ತೆರೆದು ಒಂದೊಂದೇ ದಿನಾಂಕ ಸರಿಪಡಿಸುವ ಆ ಕೆಲಸದಲ್ಲಿ ದೊಡ್ಡ ಪಾಲು ಭಾರತದ ಕಂಪನಿಗಳಿಗೆ ಸಿಕ್ಕಿತು. 2000ದ ಜನವರಿ 1ರಂದು ಹೇಳಿಕೊಳ್ಳುವಂಥ ಅನಾಹುತ ಆಗಲಿಲ್ಲ. ಆಗ ಜನ ಏನಂದರು? 'ಸುಮ್ಮನೆ ಹೆದರಿಸಿದರು' ಅಂದರು. ನಿರ್ವಹಣೆಯ ಹಣೆಬರಹವೇ ಇದು. ಚೆನ್ನಾಗಿ ಮಾಡಿದರೆ ಏನೂ ಆಗೋದಿಲ್ಲ. ಏನೂ ಆಗದೇ ಇದ್ದಾಗ, ಇವರೇನು ಮಾಡಿದರು ಅಂತ ಕೇಳ್ತಾರೆ.

ಕಂಪನಿಗಳ ಒಳಗೂ ಅದೇ ಮೇಲು ಕೀಳು. ಹೊಸದು ಕಟ್ಟುವ 'ಡೆವಲಪ್‌ಮೆಂಟ್' ಮೇಲು, 'ಸಪೋರ್ಟ್' ಕೀಳು. ಪ್ರಮೋಷನ್ ಅವರಿಗೆ, ರಾತ್ರಿ ಪಾಳಿ ಇವರಿಗೆ. ಇಂಟರ್‌ವ್ಯೂನಲ್ಲಿ 'ಬರೀ ಸಪೋರ್ಟಾ?' ಅಂತ ಕೇಳಿಸಿಕೊಂಡ ಗೆಳೆಯರು ನನಗೆ ಎಷ್ಟೋ ಜನ ಇದ್ದಾರೆ. ಬೀದಿ ಗುಡಿಸುವವರಿಂದ ಹಿಡಿದು ಆಸ್ಪತ್ರೆಯ ದಾದಿಯರವರೆಗೆ, ಇದ್ದದ್ದನ್ನು ಇದ್ದಂತೆ ಕಾಪಾಡುವ ಕೆಲಸಕ್ಕೆ ನಮ್ಮ ಸಮಾಜ ಕೊಡುವ ಬೆಲೆಯೇ ಇಲ್ಲೂ ಸಿಗೋದು.

ನಮ್ಮ ಪಹಣಿ, ನಮ್ಮ ಅಕ್ಷರ

ಈಗ ಸರ್ಕಾರಿ ಕಚೇರಿಗೆ ಬರೋಣ. ಈ ಶತಮಾನದ ಆರಂಭದಲ್ಲೇ ಕರ್ನಾಟಕ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ದೇಶಕ್ಕೇ ಮಾದರಿಯಾದ ಕೆಲಸ, ಅನುಮಾನವಿಲ್ಲ. ಅದರ ಜೊತೆಗೇ ಕೈಬರಹದ ಪಹಣಿಗೆ ಮಾನ್ಯತೆ ಹೋಯ್ತು. ಅಂದ್ರೆ ರೈತರಿಗೆ ಬೇರೆ ದಾರಿ ಇಲ್ಲ. ಸಾಲ, ಪರಿಹಾರ, ಮಾರಾಟ, ಪಾಲು ಎಲ್ಲದಕ್ಕೂ ಅದೇ ಪಹಣಿ. ಹಳೇ ದಾರಿ ಮುಚ್ಚಿ ಹೊಸ ಸೇತುವೆ ಕಟ್ಟಿದವರು, ಆ ಸೇತುವೆಯನ್ನು ಸುಸ್ಥಿತಿಯಲ್ಲಿ ಇಡುವ ಹೊಣೆಯನ್ನೂ ಹೊತ್ತಿರುತ್ತಾರೆ. ಹೀಗಾಗಿ ಇಲ್ಲಿ ನಿರ್ವಹಣೆ ಅನ್ನೋದು ಸೌಲಭ್ಯ ಅಲ್ಲ, ಹಕ್ಕು.

ಇನ್ನೂ ಹತ್ತಿರದ ಉದಾಹರಣೆ ನಮ್ಮ ಅಕ್ಷರದ್ದೇ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಗಳಲ್ಲಿ ಟೈಪ್ ಮಾಡುತ್ತಿದ್ದೆವು. ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸುವ ಜಾಣತನ ಅದು. ಆ ಕಾಲಕ್ಕೆ ಬೇರೆ ಉಪಾಯ ಇರಲಿಲ್ಲ, ಕಂಪ್ಯೂಟರಿನಲ್ಲಿ ಕನ್ನಡ ಉಳಿಸಿದ್ದೂ ಅದೇ. ಆದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಕಡತ ತೆರೆದರೆ ಕಾಣೋದು, ತಲೆಮೇಲೆ ಗೆರೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಗೋಜಲು. ಅದರಲ್ಲಿ ಒಂದು ಊರಿನ ಹೆಸರು ಹುಡುಕಿದರೂ ಸಿಗೋದಿಲ್ಲ. ಯೂನಿಕೋಡಿಗೆ ತರುವ ಪರಿವರ್ತಕಗಳು ಇವೆ, ಅವುಗಳಲ್ಲಿ ಹಲವನ್ನು ಕನ್ನಡದ ಉತ್ಸಾಹಿಗಳು ಬಿಡುವಿನಲ್ಲಿ ಬರೆದರು. ಆದರೂ ಎಲ್ಲೋ ಒಂದು ಒತ್ತಕ್ಷರ, ಎಲ್ಲೋ ಒಂದು ಅರ್ಕಾವತ್ತು ತಪ್ಪುತ್ತೆ. ಕತೆ ಪುಸ್ತಕದಲ್ಲಾದರೆ ಅಚ್ಚಿನ ತಪ್ಪು ಅಂತ ಬಿಡಬಹುದು. ದಾಖಲೆಯಲ್ಲಿ ಹೆಸರಿನ ಒಂದು ಒತ್ತು ತಪ್ಪಿದರೆ, ಆಧಾರ್ ಜೊತೆ ತಾಳೆ ಆಗಲ್ಲ ಅಂತ ತಿಂಗಳುಗಟ್ಟಲೆ ಅಲೆದಾಟ.

ಹೂಳೆತ್ತುವವರ ಲೆಕ್ಕ

ನಮ್ಮ ಹಳೇ ಶಾಸನಗಳನ್ನು ನೋಡಿ. ಕೆರೆ ಕಟ್ಟಿಸಿದವರ ಹೆಸರಷ್ಟೇ ಅಲ್ಲ, ಕೆರೆ ನೋಡಿಕೊಳ್ಳೋದಕ್ಕೆ ಬಿಟ್ಟ ಭೂಮಿಯ ಲೆಕ್ಕವೂ ಅಲ್ಲಿ ಸಿಗುತ್ತೆ. ಹೂಳು ತುಂಬುತ್ತೆ, ಏರಿ ಬಿರುಕು ಬಿಡುತ್ತೆ ಅನ್ನೋದು ಕಟ್ಟುವ ದಿನವೇ ಅವರಿಗೆ ಗೊತ್ತಿತ್ತು. ತೂಬು ನೋಡಿಕೊಳ್ಳಲು ನೀರುಗಂಟಿ ಇದ್ದರು. ಈಗ ಪೋರ್ಟಲ್, ಆ್ಯಪ್‌ಗಳ ಉದ್ಘಾಟನೆಗೆ ದೀಪ ಹಚ್ಚುತ್ತಾರೆ, ಫೋಟೋ ಬರುತ್ತೆ. ಮೂರನೇ ವರ್ಷ ಅದನ್ನು ಯಾರು ನೋಡಿಕೊಳ್ತಾರೆ ಅಂತ ವೇದಿಕೆಯಲ್ಲಿ ಯಾರೂ ಹೇಳೋದಿಲ್ಲ. ಈ ಖರ್ಚು ಸಣ್ಣದಲ್ಲ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯ 2016ರ ವರದಿ ಪ್ರಕಾರ, ಅಲ್ಲಿನ ಕೇಂದ್ರ ಸರ್ಕಾರದ ಐಟಿ ಬಜೆಟ್‌ನಲ್ಲಿ ಸುಮಾರು 75% ಇದ್ದದ್ದನ್ನು ನಡೆಸಿಕೊಂಡು ಹೋಗೋದಕ್ಕೇ ಬೇಕಾಗಿತ್ತು.

ಹಾಗಾದ್ರೆ ನಾವೇನು ಮಾಡಬಹುದು? ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬಹುದು. 'ಸರ್ವರ್ ಯಾವಾಗ ಬರುತ್ತೆ?' ಅಂತ ಕಿಟಕಿಯ ಹಿಂದೆ ಕೂತ ಗುತ್ತಿಗೆ ನೌಕರರ ಮೇಲೆ ರೇಗೋದರಿಂದ ಪ್ರಯೋಜನ ಇಲ್ಲ. ಅವರ ಕೈಯಲ್ಲಿ ಏನೂ ಇಲ್ಲ. ಮಾಹಿತಿ ಹಕ್ಕು ಕಾಯ್ದೆ ನಮ್ಮ ಕೈಯಲ್ಲಿದೆ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದ ಮಿತಿ. ಅಷ್ಟರಲ್ಲಿ ಈ ಐದು ಪ್ರಶ್ನೆ ಹಿಡಿಸುತ್ತವೆ:

ಈ ಸಾಫ್ಟ್‌ವೇರ್‌ನ ವಾರ್ಷಿಕ ನಿರ್ವಹಣೆ ಗುತ್ತಿಗೆ ಯಾರಿಗಿದೆ, ಎಷ್ಟಕ್ಕೆ, ಎಲ್ಲಿಯವರೆಗೆ? ಕಳೆದ ಒಂದು ವರ್ಷದಲ್ಲಿ ಎಷ್ಟು ಗಂಟೆ ಸೇವೆ ನಿಂತಿತ್ತು? ಅದಕ್ಕಾಗಿ ಗುತ್ತಿಗೆದಾರರಿಂದ ದಂಡ ವಸೂಲಿ ಆಗಿದೆಯಾ? ಮೂಲ ಕೋಡ್ ಸರ್ಕಾರದ ಕೈಯಲ್ಲಿದೆಯಾ, ಕಂಪನಿಯ ಕೈಯಲ್ಲಿದೆಯಾ? ಸೇವೆ ನಿಂತಾಗ ಜನರಿಗೆ ಪರ್ಯಾಯ ವ್ಯವಸ್ಥೆ ಏನು?

ಕೊನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತೆ. ಯಂತ್ರ ಅಂದ ಮೇಲೆ ಒಂದಲ್ಲ ಒಂದು ದಿನ ನಿಲ್ಲುತ್ತೆ, ಎಷ್ಟೇ ಚೆನ್ನಾಗಿ ನೋಡಿಕೊಂಡರೂ. ಆ ದಿನ ಒಂದು ಚೀಟಿ ಬರೆದು ಅಕ್ಕಿ ಕೊಡೋದಕ್ಕೆ, ಅರ್ಜಿ ತಗೊಂಡು ಸ್ವೀಕೃತಿ ಕೊಡೋದಕ್ಕೆ ಅವಕಾಶ ಇದೆಯಾ ಇಲ್ಲವಾ ಅನ್ನೋದನ್ನು ತೀರ್ಮಾನಿಸೋದು ಯಾವ ಸರ್ವರೂ ಅಲ್ಲ. ಅದನ್ನು ತೀರ್ಮಾನಿಸಿದವರಿಗೆ ಹುದ್ದೆ ಇದೆ, ಸಹಿ ಇದೆ. ಕೇಳಬೇಕಾದದ್ದು ಅವರನ್ನು.